ಮಲಗಿದರೆ ಆರಾಮ, ಎದ್ದರೆ ಏದುಸಿರು

ಹೃದಯ ಸೋತವರಿಗೆ ಅಂಗಾತ ಮಲಗಲು ಆಗುವುದಿಲ್ಲ. ಬೆನ್ನಿಗೆ ಎರಡು ಮೂರು ದಿಂಬು ಒರಗಿಸಿಕೊಂಡೇ ರಾತ್ರಿ ಕಳೆಯುತ್ತಾರೆ. ಲಿವರ್ ಕೆಟ್ಟ ಕೆಲವರದು ಇದಕ್ಕೆ ತದ್ವಿರುದ್ಧ. ಮಲಗಿದ್ದರೆ ಆರಾಮ, ಎದ್ದು ಕೂತರೆ ಉಸಿರು ಸಾಲದು. ಏಳದಿರಲು ನೆಪ ಹೇಳುತ್ತಿದ್ದಾರೆ ಎಂದು ಮನೆಯವರಿಗೆ ಅನ್ನಿಸಿದರೆ ತಪ್ಪೇನಿಲ್ಲ. ಆದರೆ ಬೆರಳಿನ ಆಕ್ಸಿಮೀಟರ್‌ನಲ್ಲೂ ಅಂಕಿ ಇಳಿಯುತ್ತದೆ.

ಸಿರೋಸಿಸ್ (ಲಿವರ್ ಕಲೆಗಟ್ಟಿ ಗಡುಸಾಗುವ ಕಾಯಿಲೆ) ಇದ್ದ, ಮೈ ನೀಲಿಗಟ್ಟಿದ, ಬೆರಳ ತುದಿಗಳು ಉಬ್ಬಿದ ಹೆಂಗಸೊಬ್ಬಳ ಬಗ್ಗೆ ಫ್ಲುಕಿಗರ್ ಎಂಬ ವೈದ್ಯ 1884ರಲ್ಲೇ ಬರೆದಿದ್ದ. ಲಿವರ್ ಕೆಟ್ಟು ಶ್ವಾಸಕೋಶವೂ ಸೋಲುವ ಈ ಸ್ಥಿತಿಗೆ 'ಹೆಪಟೋಪಲ್ಮನರಿ ಸಿಂಡ್ರೋಮ್' ಎಂಬ ಹೆಸರು ಬಂದದ್ದು ಮಾತ್ರ 1977ರಲ್ಲಿ.

ಶ್ವಾಸಕೋಶದ ಲೋಮನಾಳ, ಅಂದರೆ ಅತಿ ಸಣ್ಣ ರಕ್ತನಾಳ, 8ರಿಂದ 15 ಮೈಕ್ರಾನ್ ಅಗಲ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ಕೆಂಪು ರಕ್ತಕಣಗಳು ದೇವಸ್ಥಾನದ ಪ್ರಸಾದದ ಸಾಲಿನಂತೆ ಒಂದರ ಹಿಂದೊಂದು ಹೋಗಬೇಕು, ಗೋಡೆಗೆ ಒತ್ತಿಕೊಂಡೇ ಆಕ್ಸಿಜನ್ ಪಡೆಯಬೇಕು. ಲಿವರ್ ಕಾಯಿಲೆಯಲ್ಲಿ ನೈಟ್ರಿಕ್ ಆಕ್ಸೈಡ್‌ನಂಥ, ರಕ್ತನಾಳ ಸಡಿಲಿಸುವ ವಸ್ತುಗಳು ಹೆಚ್ಚಾಗಿ ಈ ನಾಳಗಳು ಹಿಗ್ಗುತ್ತವೆ, ಕೆಲವೆಡೆ 100 ಮೈಕ್ರಾನ್‌ವರೆಗೂ. ಸಾಲು ಮುರಿದು ಜನ ನುಗ್ಗಿದರೆ ನಡುವಿನವರ ಕೈಗೆ ಪ್ರಸಾದ ಸಿಕ್ಕೀತೇ? ನಡುವೆ ಹರಿದ ರಕ್ತ ಆಕ್ಸಿಜನ್ ಇಲ್ಲದೆಯೇ ದಾಟಿಬಿಡುತ್ತದೆ. ಹಿಗ್ಗಿದ ನಾಳಗಳು ಹೆಚ್ಚಾಗಿ ಇರುವುದು ಶ್ವಾಸಕೋಶದ ತಳದಲ್ಲಿ. ಎದ್ದು ಕೂತೊಡನೆ ರಕ್ತ ಕೆಳಕ್ಕಿಳಿದು ಅಲ್ಲಿಗೇ ಸೇರುತ್ತದೆ.

ಇದನ್ನು ಹಿಡಿಯುವ ಪರೀಕ್ಷೆ ನನಗಂತೂ ಬಹಳ ಇಷ್ಟ. ಸಲೈನನ್ನು ಎರಡು ಸಿರಿಂಜುಗಳ ನಡುವೆ ಆಚೀಚೆ ತಳ್ಳಿ ನೊರೆಗುಳ್ಳೆ ಎಬ್ಬಿಸಿ, ಕೈಯ ರಕ್ತನಾಳಕ್ಕೆ ಚುಚ್ಚಿ, ಎಕೋ (ಹೃದಯದ ಅಲ್ಟ್ರಾಸೌಂಡ್) ಪರದೆ ನೋಡುತ್ತಾ ಕೂರುತ್ತಾರೆ. ಹೃದಯದ ಬಲಭಾಗ ಹಿಮ ಬಿದ್ದಂತೆ ಬೆಳ್ಳಗಾಗುತ್ತದೆ. ಸಾಮಾನ್ಯವಾಗಿ ಗುಳ್ಳೆಗಳು ಶ್ವಾಸಕೋಶದ ಜರಡಿಯಲ್ಲೇ ಸಿಕ್ಕಿಬೀಳಬೇಕು. ಮೂರು ಬಡಿತ ಕಳೆದ ಮೇಲೆ ಎಡಭಾಗದಲ್ಲೂ ಕಂಡರೆ ಜರಡಿಯ ಕಣ್ಣು ದೊಡ್ಡದಾಗಿದೆ ಎಂದರ್ಥ. ಅದಕ್ಕೂ ಮೊದಲೇ ಕಂಡರೆ ಹೃದಯದಲ್ಲೇ ತೂತಿದೆಯೇ ಎಂಬ ಅನುಮಾನ.

ಲಿವರ್ ರೋಗಿಯ ಏದುಸಿರೆಲ್ಲ ಇದೇ ಅಲ್ಲ. ಹೊಟ್ಟೆಯಲ್ಲಿ ತುಂಬಿಕೊಂಡ ನೀರು ವಪೆಯ (ಎದೆ, ಹೊಟ್ಟೆಗಳ ನಡುವಿನ ಸ್ನಾಯುವಿನ ಪರದೆ) ಸಣ್ಣ ರಂಧ್ರಗಳಿಂದ ಎದೆಗೆ, ಹೆಚ್ಚಾಗಿ ಬಲಗಡೆಗೆ, ಸೋರುವುದುಂಟು. ಶ್ವಾಸಕೋಶದ ರಕ್ತನಾಳಗಳು ಹಿಗ್ಗುವ ಬದಲು ಕಿರಿದಾಗಿ ಒತ್ತಡ ಏರುವುದೂ ಉಂಟು.

ಹಿಗ್ಗಿದ ನಾಳಗಳನ್ನು ಕುಗ್ಗಿಸುವ ಮಾತ್ರೆ ಇನ್ನೂ ಇಲ್ಲ. ಸದ್ಯಕ್ಕೆ ಆಕ್ಸಿಜನ್, ಕೊನೆಗೆ ಲಿವರ್ ಕಸಿ. ರಕ್ತದಲ್ಲಿ ಆಕ್ಸಿಜನ್ ಇಷ್ಟು ಕಡಿಮೆ ಇದ್ದವರಿಗೆ ಕಸಿ ಬೇಡವೇ ಬೇಡ ಎನ್ನುವ ಕಾಲವಿತ್ತು. ಈಗ ಅದೇ ಕಾರಣಕ್ಕೆ ಕಸಿ ಮಾಡುತ್ತಾರೆ. ಶ್ವಾಸಕೋಶವನ್ನು ಯಾರೂ ಮುಟ್ಟುವುದಿಲ್ಲ, ಆದರೂ ಹೊಸ ಲಿವರ್ ಕೂತ ಮೇಲೆ ಬಹುಪಾಲು ಜನರಲ್ಲಿ ಕೆಲವು ತಿಂಗಳಿಂದ ಒಂದು ವರ್ಷದೊಳಗೆ ಆಕ್ಸಿಮೀಟರ್‌ನ ಅಂಕಿ ಮೇಲೇರುತ್ತದೆ.