ಸಂಭಾವ್ಯ ಸ್ಪರ್ಧೆ: ಬಾರದವನ ಭಯಕ್ಕೆ ಇಳಿಯುವ ಬೆಲೆ

2025ರ ಬೇಸಿಗೆ. ಧಾರವಾಡದ ಮೆಡಿಕಲ್ ಅಂಗಡಿಯೊಂದರಲ್ಲಿ ಸಕ್ಕರೆ ಕಾಯಿಲೆಯ ಎಂಪಾಗ್ಲಿಫ್ಲೋಜಿನ್ ಕೇಳಿದೆ. ಹುಡುಗ ಗುಳಿಗೆಯ ಎರಡು ಪಟ್ಟಿ ಮುಂದಿಟ್ಟ. ಒಂದರಲ್ಲಿ ಗುಳಿಗೆಗೆ ಸುಮಾರು 60 ರೂಪಾಯಿ, ಇನ್ನೊಂದರಲ್ಲಿ ಹತ್ತರ ಆಸುಪಾಸು. "ಕಾಕಾರ, ಎರಡೂ ಒಂದ ಔಷಧರಿ. ಯಾವ್ದು ಕೊಡ್ಲಿ?" ಆ ಮಾರ್ಚ್‌ನಲ್ಲಿ ಅದರ ಪೇಟೆಂಟ್, ಅಂದರೆ ಒಂದೇ ಕಂಪನಿಗಿದ್ದ ಮಾರಾಟದ ಹಕ್ಕು, ಮುಗಿದಿತ್ತು, ಹತ್ತಾರು ಕಂಪನಿಗಳು ಇಳಿದಿದ್ದವು.

ಇದು ಕಣ್ಣಿಗೆ ಕಾಣುವ ಸ್ಪರ್ಧೆ. ಸಂಭಾವ್ಯ ಸ್ಪರ್ಧೆ ಇದಕ್ಕೂ ಮೊದಲಿನದು. ಊರಿಗೆ ಒಂದೇ ಕಿರಾಣಿ ಅಂಗಡಿ ಇದೆ ಎನ್ನಿ. ಎದುರಿನ ಖಾಲಿ ಮಳಿಗೆಗೆ ಯಾರೋ ಸುಣ್ಣ ಬಳಿಸುತ್ತಿದ್ದಾರೆ. ಅಲ್ಲಿ ಇನ್ನೂ ಒಂದು ಚೀಲ ಅಕ್ಕಿಯೂ ಬಂದಿಲ್ಲ, ಆದರೆ ಹಳೆ ಅಂಗಡಿಯವ ಆಗಲೇ ದರ ಇಳಿಸುತ್ತಾನೆ. ಹೀಗೆ ಯಾವಾಗ ಬೇಕಾದರೂ ಬರಬಲ್ಲವರ ಭಯವೇ ಬೆಲೆಯನ್ನು ಹಿಡಿದಿಡುತ್ತದೆ ಎಂಬ ವಿಚಾರವನ್ನು ಅರ್ಥಶಾಸ್ತ್ರಜ್ಞ ವಿಲಿಯಂ ಬಾಮೋಲ್ ಮತ್ತು ಸಂಗಡಿಗರು 1982ರಲ್ಲಿ ಸಿದ್ಧಾಂತವಾಗಿ ಮಂಡಿಸಿದರು.

ಔಷಧದಲ್ಲೂ ಇದು ನಡೆಯುತ್ತದೆ. ತೂಕ ಇಳಿಸುವ ಚುಚ್ಚುಮದ್ದು ವೆಗೋವಿಯಲ್ಲಿರುವ ಸೆಮಾಗ್ಲುಟೈಡ್‌ನ ಭಾರತದ ಪೇಟೆಂಟ್ ಅವಧಿ 2026ರ ಮಾರ್ಚ್‌ವರೆಗೆ ಇತ್ತು. ಆದರೆ ಅದನ್ನು ತಯಾರಿಸುವ ನೋವೊ ನಾರ್ಡಿಸ್ಕ್ ಕಂಪನಿ 2025ರ ನವೆಂಬರ್‌ನಲ್ಲೇ ಬೆಲೆಯನ್ನು ಶೇ. 37ರವರೆಗೆ ಇಳಿಸಿತು. ಎದುರಾಳಿ ಕಂಪನಿಯ ತೂಕ ಇಳಿಸುವ ಚುಚ್ಚುಮದ್ದು ಮೌಂಜಾರೊ ಆಗಲೇ ಮಾರುಕಟ್ಟೆಯಲ್ಲಿತ್ತು, ಹಾಗಾಗಿ ಇಳಿಕೆಯಷ್ಟನ್ನೂ ಬೇರೆ ಕಂಪನಿಗಳಿಂದ ಬರಲಿರುವ, ಅದೇ ಔಷಧದ ಅಗ್ಗದ ರೂಪಗಳಾದ ಜೆನೆರಿಕ್‌ಗಳ ಲೆಕ್ಕಕ್ಕೆ ಬರೆಯಲಾಗದು. ಆದರೂ ಅವು ಬಾಗಿಲಲ್ಲೇ ನಿಂತಿದ್ದವು.

ಭಯ ಕೆಲಸ ಮಾಡಬೇಕಾದರೆ ಬಾಗಿಲು ಬೇಗ ತೆರೆಯುವಂತಿರಬೇಕು. ನನ್ನನ್ನು ಹೆಚ್ಚು ಕಾಡುವುದು ಈ ಮಾತೇ. ಪರಾವಲಂಬಿ ಸೋಂಕಿನ ಔಷಧ ಡಾರಾಪ್ರಿಮ್‌ನ ಪೇಟೆಂಟ್ ದಶಕಗಳ ಹಿಂದೆಯೇ ಮುಗಿದಿತ್ತು. ಆದರೂ 2015ರಲ್ಲಿ ಅಮೆರಿಕದಲ್ಲಿ ಒಂದು ಗುಳಿಗೆಯ ಬೆಲೆ 13.50 ಡಾಲರ್‌ನಿಂದ 750 ಡಾಲರ್‌ಗೆ ಏರಿತು. ಅಲ್ಲಿ ಅದನ್ನು ಮಾರಲು ಅನುಮತಿ ಪಡೆದ ಬೇರೆ ಕಂಪನಿ ಇರಲಿಲ್ಲ. ಬರಬೇಕೆಂದವರು ಅನುಮತಿಗಾಗಿ ದೀರ್ಘಕಾಲ ಕಾಯಬೇಕು, ರೋಗಿಗಳೂ ಕಡಿಮೆ. ಕಾನೂನಿನ ಪ್ರಕಾರ ಯಾರು ಬೇಕಾದರೂ ಬರಬಹುದಿತ್ತು, ಬೇಗ ಬರುವವರು ಇರಲಿಲ್ಲ ಅಷ್ಟೇ. ಬೆಲೆ ಏರಿಸಿದವರಿಗೆ ಅದು ಗೊತ್ತಿತ್ತು.

ನಮ್ಮ ಕಡೆ ಬಾಗಿಲು ಭಾರವಾಗುವುದು ಇನ್ನೊಂದು ಕಾರಣಕ್ಕೆ. ತನ್ನ ಬ್ರ್ಯಾಂಡಿನ ಹೆಸರಿರುವ ಡಾಕ್ಟರ ಚೀಟಿ ಬದಲಾಗುವುದಿಲ್ಲ ಎಂದು ಗೊತ್ತಿರುವ ಹಳೆ ಕಂಪನಿ ಹೊಸಬನಿಗೆ ಯಾಕೆ ಹೆದರೀತು? ಅಂದು ನನ್ನ ಕೈಯಲ್ಲಿದ್ದ ಚೀಟಿಯಲ್ಲೂ ಬ್ರ್ಯಾಂಡಿನ ಹೆಸರೇ ಇತ್ತು. ಹುಡುಗ ಅದನ್ನು ನೋಡಿ, ಅಗ್ಗದ ಪಟ್ಟಿಯನ್ನು ಪಕ್ಕಕ್ಕಿಟ್ಟು, "ಡಾಕ್ಟರಿಗೆ ಒಮ್ಮೆ ಕೇಳಿ ಬರ್ರಿ, ಕೊಡ್ತೀನಿ" ಎಂದ.