ಆಲ್ಟರ್ನೇಟರ್‌ನಲ್ಲಿ 14.4, ಹಿಂದಿನ ಬ್ಯಾಟರಿಯಲ್ಲಿ 13.4: ನಡುವಿನ ಒಂದು ವೋಲ್ಟ್ ಎಲ್ಲಿ ಹೋಯಿತು?

ವಾಹನದ ಹಿಂಭಾಗದಲ್ಲಿ ಕೂರಿಸಿದ ಎರಡನೇ ಬ್ಯಾಟರಿ ದಿನವಿಡೀ ಗಾಡಿ ಓಡಿಸಿದರೂ ತುಂಬುತ್ತಿಲ್ಲವೆಂದರೆ ಬಹಳ ಮಂದಿ ಮೊದಲು ಬ್ಯಾಟರಿಯನ್ನೇ ಬದಲಿಸುತ್ತಾರೆ. ಅದಕ್ಕೆ ಮುಂಚೆ ಆಲ್ಟರ್ನೇಟರ್‌ನಿಂದ (ಎಂಜಿನ್ ತಿರುಗಿಸುವ ವಿದ್ಯುತ್ ಉತ್ಪಾದಕ) ಬ್ಯಾಟರಿಯವರೆಗಿನ ಕೇಬಲ್ ಮತ್ತು ಜೋಡಣೆಗಳಲ್ಲಿ ಎಷ್ಟು ವೋಲ್ಟ್ ನಷ್ಟವಾಗುತ್ತಿದೆ ಎಂದು ಅಳೆಯಬೇಕು. ಲೆಡ್ ಆಸಿಡ್ ಬ್ಯಾಟರಿ ಸದಾ ಅರೆತುಂಬಿಯೇ ಉಳಿದರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ, ಹೊಸ ಬ್ಯಾಟರಿಯೂ ಬೇಗ ಹಾಳಾಗುತ್ತದೆ.

ಈ ಅಳತೆ ಕರೆಂಟ್ ಹರಿಯುತ್ತಿರುವಾಗಲೇ ಆಗಬೇಕು. ಕರೆಂಟ್ ಇಲ್ಲದಿದ್ದರೆ ತುಕ್ಕು ಹಿಡಿದ ಲಗ್ (ಕೇಬಲ್ ತುದಿಯ ಲೋಹದ ಕೊಂಡಿ) ಕೂಡ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಓಮ್ ಅಳತೆಯನ್ನೂ ನಂಬಬೇಡಿ. 25 ಆಂಪಿಯರ್‌ಗೆ ಅರ್ಧ ವೋಲ್ಟ್ ತಿನ್ನುವ ಜೋಡಣೆಯ ರೋಧ ಬರೀ 0.02 ಓಮ್, ಸಾಮಾನ್ಯ ಮಲ್ಟಿಮೀಟರ್‌ಗೆ ಅದು ಕಾಣುವುದೇ ಇಲ್ಲ. ಅದೇ ಜೋಡಣೆ 12.5 ವಾಟ್ ಶಾಖ ಉಗುಳುತ್ತಿರುತ್ತದೆ.

ಎಂಜಿನ್ ಸುಮಾರು 1500 ಆರ್‌ಪಿಎಂನಲ್ಲಿರಲಿ. ಹಿಂದಿನ ಬ್ಯಾಟರಿ ಸ್ವಲ್ಪ ಖಾಲಿಯಾಗಿರಬೇಕು, ಅದಕ್ಕೆ ಲೋಡ್ ಕೂಡ ಹಚ್ಚಿ. ಡಿಸಿ ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿ ಕರೆಂಟ್ ಬರೆದುಕೊಳ್ಳಿ. ನಂತರ ಮೀಟರ್‌ನ ಕೆಂಪು ತುದಿಯನ್ನು ಆಲ್ಟರ್ನೇಟರ್‌ನಿಂದ ಕರೆಂಟ್ ಹೊರಬರುವ ಬಿ ಪ್ಲಸ್ ಬೋಲ್ಟ್‌ಗೆ, ಕಪ್ಪು ತುದಿಯನ್ನು ಹಿಂದಿನ ಬ್ಯಾಟರಿಯ ಪಾಸಿಟಿವ್ ಕಂಬಕ್ಕೆ ಹಿಡಿಯಿರಿ. ಇದಕ್ಕೆ ಉದ್ದನೆಯ ತಂತಿ ಬೇಕು. ಮೀಟರ್ ತೋರಿಸುವುದೇ ಪಾಸಿಟಿವ್ ಬದಿಯ ಒಟ್ಟು ಇಳಿಕೆ. ಕಂಬಕ್ಕೆ ಬಿಗಿದ ಕೇಬಲ್ ಕ್ಲ್ಯಾಂಪ್ ಮೇಲಲ್ಲ, ಸೀಸದ ಕಂಬದ ಮೇಲೆಯೇ ಹಿಡಿಯಿರಿ, ಇಲ್ಲವಾದರೆ ಕಂಬ ಮತ್ತು ಕ್ಲ್ಯಾಂಪ್ ನಡುವಿನ ದೋಷ ತಪ್ಪಿಹೋಗುತ್ತದೆ. ನೆಗೆಟಿವ್ ಬದಿಯನ್ನು ಬ್ಯಾಟರಿಯ ನೆಗೆಟಿವ್ ಕಂಬದಿಂದ ಆಲ್ಟರ್ನೇಟರ್ ಕವಚದವರೆಗೆ ಅಳೆಯಿರಿ. ಎರಡೂ ಸೇರಿ 0.4 ವೋಲ್ಟ್ ದಾಟಿದರೆ ಸರ್ಕ್ಯೂಟನ್ನು ತುಂಡು ತುಂಡಾಗಿ ನೋಡಿ: ಫ್ಯೂಸ್‌ನ ಎರಡು ತುದಿ, ರಿಲೇಯ (ವಿದ್ಯುತ್‌ನಿಂದ ನಡೆಯುವ ಸ್ವಿಚ್) ಎರಡು ಬೋಲ್ಟ್, ಕೇಬಲ್ ಮತ್ತು ಅದರ ಲಗ್, ಲಗ್ ಮತ್ತು ಕಂಬ.

ನೆಗೆಟಿವ್ ಬದಿಯನ್ನು ಹೆಚ್ಚಿನವರು ಮುಟ್ಟುವುದೇ ಇಲ್ಲ, ದೋಷ ಅಲ್ಲೇ ಕೂತಿರುತ್ತದೆ. ಪೇಂಟ್ ಮೇಲೆಯೇ ಬಿಗಿದ ಅರ್ಥ್ ಲಗ್, ಎಂಜಿನ್‌ನಿಂದ ಚಾಸಿಗೆ ಬರುವ ತುಕ್ಕು ಹಿಡಿದ ಪಟ್ಟಿ, ಇವೆರಡನ್ನು ಮೊದಲು ಬಿಚ್ಚಿ. ಹೊಳೆಯುವ ಲೋಹ ಕಾಣುವವರೆಗೆ ಉಜ್ಜಿ, ಬಿಗಿಮಾಡಿದ ಮೇಲಷ್ಟೇ ಗ್ರೀಸ್ ಸವರಿ. ರಿಲೇಯೊಂದರಲ್ಲೇ 0.2 ವೋಲ್ಟ್ ಬಿದ್ದರೆ ಅದರ ಕಾಂಟ್ಯಾಕ್ಟ್ ಸುಟ್ಟಿದೆ, ಬದಲಿಸಿ.

ಜೋಡಣೆಗಳೆಲ್ಲ ಸರಿಯಿದ್ದರೆ ಕೇಬಲ್ ತೆಳುವಾಗಿದೆ. ಹೋಗಿ ಬರುವ ಒಟ್ಟು ಉದ್ದವನ್ನು ಮೀಟರ್‌ನಲ್ಲಿ ತೆಗೆದುಕೊಂಡು 0.0175ರಿಂದ ಗುಣಿಸಿ, ತಾಮ್ರದ ಅಡ್ಡಕೊಯ್ತವನ್ನು ಚದರ ಮಿಲಿಮೀಟರ್‌ನಲ್ಲಿ ಇಟ್ಟು ಭಾಗಿಸಿದರೆ ರೋಧ ಸಿಗುತ್ತದೆ, ಅದನ್ನು ಕರೆಂಟ್‌ನಿಂದ ಗುಣಿಸಿದರೆ ವೋಲ್ಟ್ ನಷ್ಟ. 12 ಮೀಟರ್‌ಗೆ 6 ಚದರ ಮಿಮೀ ಕೇಬಲ್ 25 ಆಂಪಿಯರ್‌ನಲ್ಲಿ 0.88 ವೋಲ್ಟ್ ಕಳೆಯುತ್ತದೆ, 16 ಚದರ ಮಿಮೀ 0.33 ಮಾತ್ರ. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ಕೇಬಲ್‌ನ ರೋಧ ಶುದ್ಧ ತಾಮ್ರದ ಸುಮಾರು ಒಂದೂವರೆ ಪಟ್ಟು. ದಪ್ಪ ನಿರೋಧಕ ಕವಚ ನೋಡಿ ಮೋಸಹೋಗಬೇಡಿ.

ಕೆಲವು ಹೊಸ ವಾಹನಗಳ ಆಲ್ಟರ್ನೇಟರ್ ತಾನಾಗಿಯೇ ವೋಲ್ಟೇಜ್ ತಗ್ಗಿಸುತ್ತದೆ, ಅಲ್ಲಿ ಕೇಬಲ್‌ಗೆ ಬೈಯುವಂತಿಲ್ಲ. ಒಳಬರುವ ವೋಲ್ಟೇಜನ್ನು ಬ್ಯಾಟರಿಗೆ ಬೇಕಾದಷ್ಟಕ್ಕೆ ಏರಿಸುವ ಡಿಸಿ-ಡಿಸಿ ಚಾರ್ಜರ್ ಬೇಕು. ಆದರೆ ಚಾರ್ಜರ್ ಇದೆಯೆಂದು ತೆಳು ಕೇಬಲ್ ಉಳಿಸಿಕೊಳ್ಳಬೇಡಿ. 14.4 ವೋಲ್ಟ್, 25 ಆಂಪಿಯರ್ ಕೊಡಬೇಕಾದರೆ, ದಕ್ಷತೆ 90 ಶೇಕಡಾ ಎಂದಿಟ್ಟುಕೊಂಡರೂ, 12 ವೋಲ್ಟ್ ಒಳಬಂದಾಗ ಅದು 33 ಆಂಪಿಯರ್ ಎಳೆಯುತ್ತದೆ. ಒಳಬರುವ ವೋಲ್ಟೇಜ್ ಇಳಿದಷ್ಟೂ ಎಳೆತ ಹೆಚ್ಚುತ್ತದೆ, ಎಳೆತ ಹೆಚ್ಚಿದಷ್ಟೂ ಕೇಬಲ್‌ನಲ್ಲಿ ವೋಲ್ಟೇಜ್ ಇನ್ನಷ್ಟು ಬೀಳುತ್ತದೆ. ಕೊನೆಗೆ ಕಡಿಮೆ ವೋಲ್ಟೇಜ್ ಎಂದು ಚಾರ್ಜರ್ ನಿಂತುಬಿಡುತ್ತದೆ.