ಮೂಲ ಪತ್ರ ಅವರ ಕೈಯಲ್ಲಿದೆ, ಜಿಪಿಎ ರದ್ದು ಮಾಡಬಹುದೇ?

ಪ್ರಶ್ನೆ: ಕಾರಟಗಿ ಸಮೀಪ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ನನ್ನ ಹೆಸರಿನಲ್ಲಿ ನಾಲ್ಕು ಎಕರೆ ಗದ್ದೆಯಿದೆ. ನಾನು ಬೆಂಗಳೂರಿನಲ್ಲಿ ನೌಕರಿಯಲ್ಲಿರುವುದರಿಂದ ಸಂಬಂಧಿಕರೊಬ್ಬರಿಗೆ ನೋಂದಾಯಿತ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಬರೆದುಕೊಟ್ಟಿದ್ದೆ. ಈಗ ಅವರ ಮೇಲೆ ವಿಶ್ವಾಸ ಉಳಿದಿಲ್ಲ. ಮೂಲ ಪತ್ರ ಕೇಳಿದರೆ ಕೊಡುತ್ತಿಲ್ಲ. ಅದು ಕೈಗೆ ಬಾರದೆ ರದ್ದಾಗುತ್ತದೆಯೇ?

ಉತ್ತರ: ಆಗುತ್ತದೆ. ಅವರ ಒಪ್ಪಿಗೆಗೂ ಕಾಯಬೇಕಿಲ್ಲ. ಹಿರಿಯರು ಮುಖ್ತ್ಯಾರನಾಮೆ ಎನ್ನುತ್ತಿದ್ದ ಈ ಪತ್ರ ನಿಮ್ಮ ಪರವಾಗಿ ನಡೆದುಕೊಳ್ಳಲು ಕೊಟ್ಟ ಅಧಿಕಾರ ಅಷ್ಟೇ. ಜಿಪಿಎಯಿಂದ ಸ್ಥಿರಾಸ್ತಿಯ ಒಡೆತನ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಜಿಪಿಎ ನೋಂದಣಿಯಾದ ಉಪನೋಂದಣಾಧಿಕಾರಿ ಕಚೇರಿಯಲ್ಲೇ ರದ್ದತಿ ಪತ್ರವನ್ನೂ ನೋಂದಾಯಿಸಿ. ಹಳೆಯ ಪತ್ರದ ನೋಂದಣಿ ಸಂಖ್ಯೆ ಮತ್ತು ದಿನಾಂಕ ಅದರಲ್ಲಿರಬೇಕು. ನಿಮ್ಮ ಬಳಿ ಪ್ರತಿ ಇಲ್ಲದಿದ್ದರೆ ಅದೇ ಕಚೇರಿಯಿಂದ ದೃಢೀಕೃತ ನಕಲು ಪಡೆಯಿರಿ.

ಬಹಳ ಜನ ಇಲ್ಲಿಗೆ ಕೆಲಸ ಮುಗಿಯಿತೆಂದು ಬೆಂಗಳೂರಿನ ಬಸ್ ಹತ್ತಿಬಿಡುತ್ತಾರೆ. ನನಗೆ ಆತಂಕವಾಗುವುದು ಅಲ್ಲಿಯೇ. 1872ರ ಭಾರತೀಯ ಕರಾರು ಕಾಯ್ದೆಯ 208ನೇ ಕಲಂ ಪ್ರಕಾರ, ರದ್ದತಿ ನಿಮ್ಮ ಸಂಬಂಧಿಕರಿಗೆ ಅನ್ವಯಿಸುವುದು ಅವರಿಗೆ ತಿಳಿದಾಗ; ಹೊರಗಿನವರಿಗೆ ಅನ್ವಯಿಸುವುದು ಆ ಹೊರಗಿನವರಿಗೆ ತಿಳಿದಾಗ. ಮೂಲ ಪತ್ರ ಹಿಡಿದು ಬಂದವರೊಂದಿಗೆ ಏನೂ ಅರಿಯದ ಅಕ್ಕಿ ಗಿರಣಿಯವರು ಭತ್ತದ ವ್ಯವಹಾರ ಕುದುರಿಸಿ ಮುಂಗಡ ಕೊಟ್ಟರೆ, ಆ ಹೊರೆ ನಿಮ್ಮ ತಲೆಗೆ ಬರಬಹುದು.

ಆದ್ದರಿಂದ ಸುದ್ದಿಯನ್ನು ನೀವೇ ಮುಟ್ಟಿಸಬೇಕು. ಮೊದಲು ಸಂಬಂಧಿಕರಿಗೆ ಸ್ವೀಕೃತಿ ಸಹಿತ ಅಂಚೆಯಲ್ಲಿ ನೋಟಿಸ್ ಕಳುಹಿಸಿ. ಮೂಲ ಪತ್ರವನ್ನೂ ಈವರೆಗಿನ ಲೆಕ್ಕವನ್ನೂ ಕೇಳಿ. ಕೇಳಿದಾಗ ಲೆಕ್ಕ ಒಪ್ಪಿಸುವುದು ಕಾಯ್ದೆಯ 213ನೇ ಕಲಂ ಪ್ರಕಾರ ಅವರ ಹೊಣೆ. ಲಕೋಟೆ ‘ನಿರಾಕರಿಸಿದ್ದಾರೆ’ ಎಂಬ ಷರಾದೊಂದಿಗೆ ಮರಳಿದರೆ ಒಡೆಯಬೇಡಿ, ಹಾಗೆಯೇ ಎತ್ತಿಡಿ. ನ್ಯಾಯಾಲಯದಲ್ಲಿ ಅದು ಸಾಕ್ಷ್ಯವಾಗುತ್ತದೆ. ಬ್ಯಾಂಕ್, ಸಹಕಾರ ಸಂಘ, ಭತ್ತ ಕೊಳ್ಳುವ ವ್ಯಾಪಾರಿ, ಗ್ರಾಮ ಆಡಳಿತ ಅಧಿಕಾರಿ, ಹೀಗೆ ಆ ಪತ್ರ ಯಾರ ಮುಂದೆ ಬರಬಹುದೋ ಅವರಿಗೆಲ್ಲ ರದ್ದತಿಯ ನಕಲು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸಹಿ ಪಡೆಯಿರಿ. ಗಂಗಾವತಿ, ಕಾರಟಗಿ ಭಾಗದಲ್ಲಿ ಓದುಗರಿರುವ ಕನ್ನಡ ದಿನಪತ್ರಿಕೆಯಲ್ಲಿ ಸಾರ್ವಜನಿಕ ಪ್ರಕಟಣೆಯನ್ನೂ ಕೊಡಿ. ಊರ ದೇವಸ್ಥಾನದ ಕಟ್ಟೆಯಲ್ಲಿ ನಾಲ್ಕು ಜನರಿಗೆ ಹೇಳಿಬಂದರೂ ನಷ್ಟವಿಲ್ಲ. ಗದ್ದೆ ಕೊಳ್ಳಲು ಬಂದವರು ಅಕ್ಕಪಕ್ಕ ವಿಚಾರಿಸಿಯೇ ಮುಂದುವರಿಯುತ್ತಾರೆ.

ರದ್ದತಿಗೆ ಮುನ್ನ ಅಧಿಕಾರದೊಳಗೆ ಅವರು ಮಾಡಿದ ವ್ಯವಹಾರ ಇದರಿಂದ ಅಳಿಸಿಹೋಗುವುದಿಲ್ಲ. ಗದ್ದೆಯನ್ನು ಆಗಲೇ ಮಾರಿದ್ದರೆ ಸಿವಿಲ್ ನ್ಯಾಯಾಲಯದ ದಾರಿಯೇ ಬೇಕು. ಹಾಗಾಗಿ ಇಂದೇ ಋಣಭಾರ ಪ್ರಮಾಣಪತ್ರ ಮತ್ತು ಪಹಣಿ ತೆಗೆಸಿ ನೋಡಿ.

ಇನ್ನೊಂದು ಮಾತನ್ನು ನಿಮ್ಮನ್ನೇ ಕೇಳಬೇಕಿದೆ. ಅವರಿಂದ ಹಣ ಪಡೆದು, ಅದರ ಭದ್ರತೆಗಾಗಿ ಜಿಪಿಎ ಬರೆದುಕೊಟ್ಟಿದ್ದೀರಾ? ಹಾಗಿದ್ದರೆ 202ನೇ ಕಲಂ ಅಡ್ಡ ಬರುತ್ತದೆ. ಅವರ ಹಿತಾಸಕ್ತಿಗೆ ಧಕ್ಕೆಯಾಗುವಂತೆ ಏಕಪಕ್ಷೀಯವಾಗಿ ರದ್ದು ಮಾಡಲಾಗದು. ಪತ್ರದಲ್ಲಿ ‘ರದ್ದುಪಡಿಸಲಾಗದ’ ಎಂಬ ಪದ ಸುಮ್ಮನೆ ಸೇರಿಕೊಂಡಿದ್ದರೆ ಹೆದರಬೇಕಿಲ್ಲ. ಹಣದ ವ್ಯವಹಾರ ನಿಜವಾಗಿ ನಡೆದಿದ್ದರೆ, ರದ್ದತಿ ಪತ್ರ ಬರೆಸುವ ಮೊದಲೇ ಎಲ್ಲ ಕಾಗದಗಳೊಂದಿಗೆ ವಕೀಲರನ್ನು ಕಾಣಿರಿ.